ಸಣ್ಣ ಬಾಯಿಯ ಬಾಟಲಿ ತೊಳೆಯುವ ಸಾಮಾನುಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಗಾಣದ ಎಣ್ಣೆ ಅಂಗಡಿ ಇದೆ. ಶೇಂಗಾ, ಕುಸುಬಿ, ಕೊಬ್ಬರಿ, ಎಳ್ಳು, ಯಾರಾದರೂ ಕೇಳಿದರೆ ಗುರೆಳ್ಳು. ಪ್ಲಾಸ್ಟಿಕ್ ಬೇಡ, ಮನೆಯಿಂದ ಗಾಜಿನ ಬಾಟಲಿ ತನ್ನಿ ಅಂತ ಗಿರಾಕಿಗಳಿಗೆ ನಾವೇ ಹೇಳುತ್ತೇವೆ. ಅವರೂ ತರುತ್ತಾರೆ. ಸಿರಪ್ ಬಾಟಲಿ, ವೈನ್ ಬಾಟಲಿ, ವಿಸ್ಕಿ ಬಾಟಲಿ, ಗುಲಾಬಿ ನೀರಿನ ಬಾಟಲಿ, ಹೋದ ಸಲ ನಮ್ಮಲ್ಲೇ ತುಂಬಿಸಿಕೊಂಡು ಹೋದ ಎಣ್ಣೆ ಬಾಟಲಿ. "ಅಕ್ಕಾರ, ಇದನ್ನ ಚೊಲೊ ತೊಳದು ಕುಸುಬಿ ಎಣ್ಣಿ ಹಾಕಿಡ್ರಿ, ಸಂಜೀಕ ಬಂದು ಒಯ್ತೇನ್ರಿ" ಅಂತ ಕಟ್ಟೆ ಮೇಲೆ ಇಟ್ಟು ಹೋಗುತ್ತಾರೆ. ಎಲ್ಲದರ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಒಳಗೆ ಕೈ ಹೋಗಲ್ಲ, ಚಿಂದಿ ಬಟ್ಟೆ ಹೋದರೂ ತಿರುಗಲ್ಲ.

ಹೀಗಾಗಿ ಬಾಟಲಿ ತೊಳೆಯೋದು ಅಂತ ಮಾರುಕಟ್ಟೆಯಲ್ಲಿ ಏನೇನು ಸಿಗುತ್ತೋ ಅದರಲ್ಲಿ ಹೆಚ್ಚಿನದನ್ನು ತಂದು ಬಳಸಿದ್ದೇನೆ. ಇವತ್ತಿಗೂ ಕೆಲವನ್ನು ದಿನಾ ಬಳಸುತ್ತೇನೆ. ಕೊಳ್ಳೋ ಮುಂಚೆ ಒಂದು ಮಾತು. ಬಾಟಲಿಯ ಆಕಾರ ನೋಡಿ ಸಾಮಾನು ಆರಿಸಬೇಡಿ. ಒಳಗೆ ಏನು ಅಂಟಿದೆ, ಎಷ್ಟು ದಿನದಿಂದ ಅಂಟಿದೆ ಅನ್ನೋದನ್ನು ನೋಡಿ ಆರಿಸಿ. ಒಣಗಿದ ಸಕ್ಕರೆ ಪಾಕ, ಜಿಡ್ಡು, ಸವಳು ನೀರಿನ ಬಿಳಿ ಪದರ, ಚಹಾದ ಕಂದು ಕಲೆ, ಇವು ನಾಲ್ಕೂ ಬೇರೆ ಬೇರೆ ಕೊಳೆ. ಒಂದಕ್ಕೆ ಹೊಂದುವ ಉಪಾಯ ಇನ್ನೊಂದಕ್ಕೆ ಏನೂ ಮಾಡಲ್ಲ. ಪಾಕಕ್ಕೆ, ಜೇನುತುಪ್ಪಕ್ಕೆ ಯಾವ ಸಾಮಾನೂ ಬೇಡ, ಬಿಸಿ ನೀರು ತುಂಬಿ ಬಿಟ್ಟರೆ ತಾನೇ ಕರಗುತ್ತೆ.

ಎಲ್ಲಕ್ಕಿಂತ ಕಷ್ಟದ್ದು ಎಣ್ಣೆ, ಅದರಲ್ಲೂ ಕುಸುಬಿ. ಕೊಬ್ಬರಿ ಎಣ್ಣೆ ಬಾಟಲಿ ಸುಲಭ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ ಅಷ್ಟೇ, ಬಿಸಿ ನೀರು ಬಿದ್ದರೆ ಮತ್ತೆ ಕರಗುತ್ತೆ. ಕುಸುಬಿ ಎಣ್ಣೆ ಹಾಗಲ್ಲ. ಅದರಲ್ಲಿ ಲಿನೋಲಿಕ್ ಆಮ್ಲ ತುಂಬಾ ಜಾಸ್ತಿ, ನಾಲ್ಕರಲ್ಲಿ ಮೂರು ಭಾಗದಷ್ಟು. ಗಾಳಿ ತಾಗಿದ ಹಾಗೆ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ತೆಳು ಪೊರೆ ಆಗುತ್ತವೆ. ಇದೇ ಗುಣಕ್ಕೆ ಚಿತ್ರ ಬರೆಯೋ ಬಿಳಿ ತೈಲಬಣ್ಣದಲ್ಲಿ ಕುಸುಬಿ ಎಣ್ಣೆ ಬಳಸುತ್ತಾರೆ. ಅದು ಒಣಗುತ್ತೆ, ಆದರೆ ಅಗಸಿ ಎಣ್ಣೆಯಷ್ಟು ಹಳದಿ ಆಗಲ್ಲ. ಗುರೆಳ್ಳಿನ ಎಣ್ಣೆಯೂ ಒಣಗೋ ಜಾತಿಯದೇ. ಖಾಲಿ ಬಾಟಲಿಯನ್ನು ತೊಳೆಯದೆ ಅಟ್ಟದ ಮೇಲೆ ಇಟ್ಟರೆ ಒಳಗೆ ಕೂರೋದು ಈ ಪೊರೆ. ಬೆರಳು ತಾಗಿದರೆ ಅಂಟುತ್ತೆ, ಸೋಪಿನ ನೀರಿಗೆ ಬಗ್ಗಲ್ಲ. ಅದರ ಮೇಲೆ ಹೊಸ ಎಣ್ಣೆ ಹಾಕಿದರೆ ಹೊಸದಕ್ಕೂ ಹಳೇ ಮುಗ್ಗಲು ವಾಸನೆ ಹತ್ತುತ್ತೆ. ತಿಂಗಳುಗಟ್ಟಲೆ ಕಾದು ಒಳ್ಳೆ ಕಾಳು ತಂದು ಹಿಂಡಿದ ಎಣ್ಣೆ, ಬಾಟಲಿಯ ದೆಸೆಯಿಂದ ಕೆಡಬಾರದು ಅಲ್ವಾ?

ಈಗ ಸಾಮಾನುಗಳ ವಿಷಯ. ಎಲ್ಲರ ಮನೆಯಲ್ಲೂ ಇರೋ ಬ್ರಶ್‌ನಿಂದ ಶುರು ಮಾಡುತ್ತೇನೆ.

ತಂತಿ ತಿರುಚಿ, ನಡುವೆ ನೈಲಾನ್ ಕೂದಲು ಸಿಕ್ಕಿಸಿದ ಬ್ರಶ್ ಯಾವ ಸ್ಟೀಲ್ ಪಾತ್ರೆ ಅಂಗಡಿಯಲ್ಲಾದರೂ ಸಿಗುತ್ತೆ. ಮಕ್ಕಳ ಹಾಲಿನ ಬಾಟಲಿಗೆ ಅಂತ ಮಾಡಿದ್ದು. ಹಾಲಿನ ಬಾಟಲಿಗೆ ಅದು ಒಳ್ಳೇದೇ. 750 ಮಿ.ಲೀ. ಗಾಜಿನ ಬಾಟಲಿಗೆ ಮಾತ್ರ ಸಾಲದು. ಆ ಬಾಟಲಿಯ ಎತ್ತರ ಸುಮಾರು 30 ಸೆಂ.ಮೀ., ಹೊಟ್ಟೆಯ ಅಗಲ ಏಳೂವರೆ ಸೆಂ.ಮೀ. ಹತ್ತಿರ, ಆದರೆ ಕಾರ್ಕ್ ಹಾಕೋ ಬಾಯಿಯ ಒಳ ಅಗಲ ಎರಡು ಸೆಂ.ಮೀ. ಕೂಡ ಇರಲ್ಲ, ಸುಮಾರು 18.5 ಮಿ.ಮೀ. ಅಂದರೆ ಬ್ರಶ್ ಈ ಸಣ್ಣ ಬಾಯಲ್ಲಿ ಮುದುಡಿಕೊಂಡು ನುಗ್ಗಬೇಕು, ಒಳಗೆ ಹೋಗಿ ನಾಲ್ಕು ಪಟ್ಟು ಅರಳಬೇಕು. ಯಾವ ನೈಲಾನ್ ಕೂದಲೂ ಅಷ್ಟು ಅರಳಲ್ಲ. ಬಾಟಲಿಯನ್ನು ಓರೆ ಮಾಡಿ ಒಂದೊಂದೇ ಪಕ್ಕ ಉಜ್ಜಬೇಕಾಗುತ್ತೆ. ಗೋಡೆ ಸ್ವಚ್ಛ ಆಗುತ್ತೆ. ಕುತ್ತಿಗೆ ಇಳಿದು ಹೊಟ್ಟೆ ಶುರುವಾಗೋ ಹೆಗಲಿನ ಒಳಗಡೆ, ಮತ್ತೆ ತಳದ ಸುತ್ತಿನ ಮೂಲೆ ಹಾಗೇ ಉಳಿಯುತ್ತೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, ಹೆಗಲಲ್ಲಿ ಮಬ್ಬು ಉಂಗುರ ಕಾಣುತ್ತೆ.

ಹಿಡಿಕೆಯ ಉದ್ದ ಅಳೆದು ಕೊಳ್ಳಿ. 35 ಸೆಂ.ಮೀ.ಗಿಂತ ಕಡಿಮೆ ಇದ್ದರೆ ದೊಡ್ಡ ಬಾಟಲಿಗೆ ಬೇಡ. ತುದಿಯನ್ನೂ ನೋಡಿ. ಅಲ್ಲಿ ತಂತಿ ಬೋಳಾಗಿದ್ದರೆ ಪ್ರತಿ ಸಲ ಒತ್ತಿದಾಗಲೂ ಗಾಜಿನ ತಳಕ್ಕೆ ಗೀರು ಬೀಳುತ್ತೆ. ಗಾಜಿನ ಬಲ ಇರೋದೇ ಗೀರಿಲ್ಲದ ಮೈಯಲ್ಲಿ. ಗೀರಿದ್ದ ಬಾಟಲಿ ಬಿಸಿ ನೀರು ಹಾಕಿದ ದಿನ ತಳ ಬಿಡುತ್ತೆ. ತುದಿಯಲ್ಲಿ ಕೂದಲಿನ ಕುಚ್ಚು ಇರೋ ಬ್ರಶ್ ಸಿಗುತ್ತೆ, ಅದನ್ನೇ ಕೇಳಿ ತಗೊಳ್ಳಿ. ಸತುವಿನ ಲೇಪದ ತಂತಿ ಬೇಗ ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ತಂತಿಯದು ಸ್ವಲ್ಪ ಜಾಸ್ತಿ ಬೆಲೆ, ಆದರೆ ಬಾಳಿಕೆ ಬರುತ್ತೆ.

ನನಗೆ ಬ್ರಶ್‌ಗಳಲ್ಲಿ ಅತಿ ಇಷ್ಟವಾದದ್ದು ಪಾತ್ರೆ ಅಂಗಡಿಯದ್ದಲ್ಲ, ಲ್ಯಾಬ್ ಸಾಮಾನಿನ ಅಂಗಡಿಯದು. ಕಾಲೇಜುಗಳಿಗೆ ಪ್ರಯೋಗದ ಗಾಜಿನ ಸಾಮಾನು ಮಾರೋ ಅಂಗಡಿಗೆ ಹೋಗಿ ಫ್ಲಾಸ್ಕ್ ಬ್ರಶ್ ಕೇಳಿ. ರಸಾಯನಶಾಸ್ತ್ರದವರಿಗೆ ಇದೇ ಕಷ್ಟ ಮೊದಲಿಂದ ಇದೆ. ದ್ರವ ಅಳೆಯೋ ಅವರ ವಾಲ್ಯೂಮೆಟ್ರಿಕ್ ಫ್ಲಾಸ್ಕಿನ ಕುತ್ತಿಗೆ ನಮ್ಮ ಬಾಟಲಿಗಿಂತ ಸಣ್ಣದು, ಬ್ಯೂರೆಟ್ ಅನ್ನೋ ಅಳತೆಯ ಕೊಳವೆ ಅಂತೂ ಬರೀ ಕುತ್ತಿಗೆಯೇ. ಅದಕ್ಕೇ ಅವರ ಬ್ರಶ್‌ಗಳು ಉದ್ದ, ತೆಳು, ತಂತಿ ಬಗ್ಗಿಸಿದ ಹಾಗೆ ನಿಲ್ಲುತ್ತೆ. ನಾನು ತುದಿಯಿಂದ ನಾಲ್ಕು ಬೆರಳು ಬಿಟ್ಟು ಸ್ವಲ್ಪ ಬಾಗಿಸುತ್ತೇನೆ. ಒಳಗೆ ಹೋಗುವಾಗ ನೇರ ಆಗುತ್ತೆ, ಹೋದ ಮೇಲೆ ಮತ್ತೆ ಬಾಗುತ್ತೆ. ಬಾಟಲಿಯನ್ನು ತಲೆಕೆಳಗೆ ಹಿಡಿದು ಹಿಡಿಕೆ ತಿರುಗಿಸಿದರೆ ಆ ಬಾಗಿದ ತುದಿ ಹೆಗಲಿನ ಒಳಗಡೆಯೇ ಸುತ್ತುತ್ತೆ. ಬೆಲೆಯೂ ಕಡಿಮೆ. ಹಾಲಿನ ಬಾಟಲಿಯ ಬ್ರಶ್‌ನ ಅರ್ಧ ದುಡ್ಡಿಗೆ ನನಗೆ ಸಿಕ್ಕಿತು. ಬಣ್ಣದ ಡಬ್ಬಿ, ಜಾಹೀರಾತು ಏನೂ ಇಲ್ಲ, ಕೆಲಸ ಮಾತ್ರ ಚೊಕ್ಕ.

ಸ್ಪಂಜಿನ ತಲೆಯ ಬ್ರಶ್ ಬೇಡ. ಒಂದು ಸಲ ಎಣ್ಣೆ ಕುಡಿದರೆ ಅದು ಬಿಡಲ್ಲ, ಮುಂದಿನ ಬಾಟಲಿಗೆ ಹಚ್ಚುತ್ತೆ. ಸಿಲಿಕೋನ್ ಬ್ರಶ್ ನೋಡೋಕೆ ಚೆಂದ, ಉಜ್ಜೋಕೆ ಮೆತ್ತಗೆ, ಜಿಡ್ಡಿನ ಮೇಲೆ ಜಾರಿ ಹೋಗುತ್ತೆ. ಬ್ಯಾಟರಿಯಿಂದ ತಿರುಗೋ ಬ್ರಶ್ ಅಗಲ ಬಾಯಿಯ ನೀರಿನ ಬಾಟಲಿಗೆ ಸರಿ, ನಮ್ಮ ಬಾಟಲಿಯೊಳಗೆ ಅದರ ತಲೆಯೇ ಹೋಗಲ್ಲ. ಡ್ರಿಲ್ ಮಶೀನಿಗೆ ಬ್ರಶ್ ಸಿಕ್ಕಿಸಿ ತೊಳೆಯೋದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ಗಾಜಿನೊಳಗೆ ಲೋಹದ ತಂತಿ ಅಷ್ಟು ಜೋರಾಗಿ ತಿರುಗೋದು ಅಪಾಯ. ದಯವಿಟ್ಟು ಮಾಡಬೇಡಿ.

ಬ್ರಶ್ ಮುಟ್ಟದ ಮೂಲೆಗೆ ಹೋಗೋದು ಉಕ್ಕಿನ ಗುಂಡು. ಸಾಸಿವೆಗಿಂತ ದಪ್ಪ, ಬಟಾಣಿಗಿಂತ ಸಣ್ಣ ಸ್ಟೇನ್‌ಲೆಸ್ ಗುಂಡುಗಳು, ಅಡ್ಡಳತೆ ಸುಮಾರು 4 ಮಿ.ಮೀ. ವೈನ್ ಸುರಿಯೋ ಗಾಜಿನ ಹೂಜಿ ತೊಳೆಯೋಕೆ ಅಂತ ಮಾರುತ್ತಾರೆ, ಆನ್‌ಲೈನಲ್ಲಿ ಸಿಗುತ್ತೆ. ಒಂದು ಹಿಡಿ ಒಳಗೆ ಹಾಕಿ, ಗುಂಡು ಮುಳುಗೋವಷ್ಟು ಬಿಸಿ ನೀರು, ಒಂದು ಹನಿ ಪಾತ್ರೆ ಸೋಪು. ಕುಲುಕಬೇಡಿ, ಸುತ್ತಿಸಿ. ಮಜ್ಜಿಗೆ ಕಡೆಯೋ ಹಾಗೆ ಮಣಿಕಟ್ಟು ಮಾತ್ರ ತಿರುಗಲಿ. ಗುಂಡುಗಳು ಗೋಡೆ ಹಿಡಿದು ಓಡುತ್ತವೆ. ಬಾಟಲಿ ಓರೆ ಮಾಡಿದರೆ ಹೆಗಲಿಗೆ ಬರುತ್ತವೆ, ನೆಟ್ಟಗೆ ಹಿಡಿದರೆ ತಳದ ಮೂಲೆಯಲ್ಲಿ ಸುತ್ತುತ್ತವೆ. ವೈನ್ ಬಾಟಲಿಯ ತಳ ಒಳಗೆ ಉಬ್ಬಿರುತ್ತಲ್ಲ, ಅದರ ಸುತ್ತಿನ ಕಾಲುವೆಗೆ ಇದಕ್ಕಿಂತ ಒಳ್ಳೆ ಸಾಮಾನು ನಾನು ಕಂಡಿಲ್ಲ.

ಆದರೆ ಎರಡು ಮಾತು. ಒಂದು, ಒಣಗಿದ ಕುಸುಬಿ ಪೊರೆಯನ್ನು ಗುಂಡು ಒಂದೇ ತೆಗೆಯಲ್ಲ. ಪೊರೆ ಮೊದಲು ಮೆತ್ತಗಾಗಿರಬೇಕು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಎರಡು, ಗುಂಡು ಒಳಗೆ ಉಳಿಯಬಾರದು. ನಮ್ಮದು ತಿನ್ನೋ ಎಣ್ಣೆ. ಚಹಾ ಸೋಸೋ ಜರಡಿಯಲ್ಲಿ ಬಗ್ಗಿಸುತ್ತೇವೆ. ಆಮೇಲೆ ಗುಂಡುಗಳನ್ನು ಬಟ್ಟೆ ಮೇಲೆ ಒಣಗಿಸಿ ತೂಗುತ್ತೇವೆ. ಒಂದು ಗುಂಡು ಸುಮಾರು ಕಾಲು ಗ್ರಾಂ ಇರುತ್ತೆ. ಅಂಗಡಿಯ ತಕ್ಕಡಿ ಗ್ರಾಂಗಿಂತ ಕೆಳಗೆ ತೋರಿಸಲ್ಲ, ಅದಕ್ಕೆ ಅಕ್ಕಸಾಲಿಗರು ಬಳಸೋ ಅಂಗೈಯಷ್ಟು ತಕ್ಕಡಿ ಇಟ್ಟುಕೊಂಡಿದ್ದೇವೆ. ಬೆಳಗಿನ ತೂಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತೆ. ಸಂಜೆ ಅದೇ ತೂಕ ಬಂದ ಮೇಲೇ ಬಾಟಲಿಗಳಿಗೆ ಎಣ್ಣೆ. ನಮ್ಮಲ್ಲಿ ಕೆಲಸಕ್ಕೆ ಬರೋ ಅವ್ವ ಇದರಲ್ಲಿ ನನಗಿಂತ ಕಟ್ಟುನಿಟ್ಟು. "ತೂಕ ಬರೂತನಾ ಡಬ್ಬಿ ಮುಟ್ಟಬ್ಯಾಡ್ರಿ" ಅಂತ ನನ್ನನ್ನೇ ತಡೆಯುತ್ತಾರೆ.

ಕೊಳ್ಳುವಾಗ ತಾಮ್ರದ ಬಣ್ಣದ ಗುಂಡು ಬೇಡ. ಒಳಗೆ ಕಬ್ಬಿಣ, ಮೇಲೆ ತಾಮ್ರದ ಲೇಪ ಇರೋ ಗುಂಡುಗಳೂ ಇವೆ. ಒಮ್ಮೆ ಒಬ್ಬ ಆನ್‌ಲೈನ್ ವ್ಯಾಪಾರಿ ಸ್ಟೇನ್‌ಲೆಸ್ ಅಂತ ಹೇಳಿ ಕಳಿಸಿದ್ದು ಒಂದೇ ರಾತ್ರಿಯಲ್ಲಿ ಕೆಂಪಗಾಯಿತು, ವಾಪಸ್ಸೂ ತಗೊಳ್ಳಲಿಲ್ಲ. ಅಂದಿನಿಂದ ಹೊಸ ಗುಂಡು ಬಂದರೆ ಮೊದಲು ಉಪ್ಪು ನೀರಲ್ಲಿ ರಾತ್ರಿಯಿಡೀ ಇಟ್ಟು ನೋಡುತ್ತೇನೆ. ಸೀಸದ ಗುಂಡನ್ನಂತೂ ಹತ್ತಿರ ಸೇರಿಸಬಾರದು. ಹಿಂದೆ ಇಂಗ್ಲೆಂಡಿನಲ್ಲಿ ಬೇಟೆಯ ಬಂದೂಕಿನ ಸೀಸದ ಗುಂಡು ಹಾಕಿ ವೈನ್ ಬಾಟಲಿ ತೊಳೆಯೋ ರೂಢಿ ಇತ್ತು. ತಳದ ಸಂದಿಯಲ್ಲಿ ಸಿಕ್ಕಿ ಉಳಿದ ಗುಂಡು ವೈನಿನ ಹುಳಿಗೆ ಕರಗಿ ಕುಡಿದವರಿಗೆ ವಿಷವಾಗುತ್ತಿತ್ತು. ಆಹಾರದ ಕಲಬೆರಕೆ ಬಗ್ಗೆ ಬರೆದ ಫ್ರೆಡರಿಕ್ ಅಕುಮ್ ಎಂಬ ರಸಾಯನಶಾಸ್ತ್ರಜ್ಞ 1820ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ದ. ನಾವು ಗುಂಡು ತೂಗೋದು ಇದಕ್ಕೇ.

ಗುಂಡಿಗೆ ದುಡ್ಡು ಬೇಡ ಅನ್ನೋರಿಗೆ ಅಡುಗೆಮನೆಯಲ್ಲೇ ಇದೆ: ಅಕ್ಕಿ, ಕಲ್ಲುಪ್ಪು, ಮೊಟ್ಟೆಯ ಚಿಪ್ಪು. ನಮ್ಮ ಅತ್ತಿಯವರು ಈಗಲೂ ನುಚ್ಚಕ್ಕಿ ಹಾಕೇ ತೊಳೆಯೋದು. ಚೆನ್ನಾಗಿ ಬರುತ್ತೆ. ಅಕ್ಕಿ ಕೆಲಸ ಮುಗಿದ ಕೂಡಲೇ ಹೊರಗೆ ಬರಬೇಕು, ನೆನೆಯೋಕೆ ಬಿಟ್ಟರೆ ಉಬ್ಬಿ ಕುತ್ತಿಗೆಯಲ್ಲಿ ಕೂರುತ್ತೆ. ಕಲ್ಲುಪ್ಪು ಹಾಕುವವರು ನೀರು ತುಂಬಾ ಹಾಕುತ್ತಾರೆ, ಆಗ ಉಪ್ಪು ಕರಗಿ ಉಜ್ಜೋಕೆ ಏನೂ ಉಳಿಯಲ್ಲ. 100 ಮಿ.ಲೀ. ನೀರು ಸುಮಾರು 36 ಗ್ರಾಂ ಉಪ್ಪು ಕರಗಿಸಿಕೊಳ್ಳುತ್ತೆ. ಅದಕ್ಕೆ ನೀರು ಎರಡು ಚಮಚ ಸಾಕು, ಉಪ್ಪು ಒಂದು ಹಿಡಿ. ಮೊಟ್ಟೆ ಚಿಪ್ಪು ಚೆನ್ನಾಗಿ ಉಜ್ಜುತ್ತೆ, ಆದರೆ ನಮ್ಮ ಗಿರಾಕಿಗಳಲ್ಲಿ ಮೊಟ್ಟೆ ಮುಟ್ಟದವರು ಬಹಳ. ಅಂಗಡಿಯಲ್ಲಿ ಅದನ್ನು ಬಳಸಲ್ಲ.

ಈಗ ಪೊರೆ ಮೆತ್ತಗೆ ಮಾಡೋ ಕೆಲಸ. ಇದು ಸಾಮಾನಲ್ಲ, ಪುಡಿ. ಆದರೂ ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ತೊಳೆಯೋದು ಇದೇ. ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ಬೇರೆ, ಅದಕ್ಕೆ ಇಷ್ಟು ಕ್ಷಾರ ಗುಣ ಇಲ್ಲ. ಒಂದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಸೋಡಾ. ಬಾಟಲಿಗೆ ಮೊದಲು ಬೆಚ್ಚಗಿನ ನೀರು ಹಾಕಿ ಒಗ್ಗಿಸಿ, ಆಮೇಲೆ ಈ ನೀರು ಗಂಟಲವರೆಗೆ ತುಂಬಿ. ತಣ್ಣಗಿನ ಗಾಜಿಗೆ ಕುದಿಯೋ ನೀರು ಸುರಿದರೆ ಒಡೆಯುತ್ತೆ. ಒಮ್ಮೆಲೇ 40 ಡಿಗ್ರಿ ಏರುಪೇರಾದರೆ ಸಾಮಾನ್ಯ ಬಾಟಲಿ ಗಾಜಿಗೆ ಅಪಾಯವೇ. ರಾತ್ರಿ ತುಂಬಿಟ್ಟರೆ ಬೆಳಿಗ್ಗೆ ನೀರು ಮಬ್ಬಾಗಿ ಹಳದಿ ತಿರುಗಿರುತ್ತೆ, ಪೊರೆ ಅಂಚಿನಲ್ಲಿ ಸುರುಳಿ ಎದ್ದಿರುತ್ತೆ. ಎಣ್ಣೆಯನ್ನು ಸೋಡಾ ಸಾಬೂನಾಗಿ ತಿರುಗಿಸಿ ಗಾಜಿನಿಂದ ಬಿಡಿಸುತ್ತೆ. ಆಮೇಲೆ ಗುಂಡು ಹಾಕಿ ಸುತ್ತಿಸಿದರೆ ಚೂರು ಚೂರಾಗಿ ಹೊರಗೆ ಬರುತ್ತೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಒಣಗುತ್ತೆ. ಅಲ್ಯೂಮಿನಿಯಂ ಬಾಟಲಿಗೆ ಮಾತ್ರ ಬೇಡ, ಸೋಡಾ ಆ ಲೋಹವನ್ನೇ ತಿನ್ನುತ್ತೆ.

ಇದೇ ಸೋಡಾಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ ಹಾಗಿರೋದು ಸೋಡಿಯಂ ಪರ್‌ಕಾರ್ಬೊನೇಟ್. ಆಕ್ಸಿಜನ್ ಬ್ಲೀಚ್ ಅಂತ ಮಾರುತ್ತಾರೆ. ಬಾಟಲಿ ತೊಳೆಯೋ ಮಾತ್ರೆಗಳಲ್ಲಿ, ಹಲ್ಲಿನ ಸೆಟ್ ತೊಳೆಯೋ ಮಾತ್ರೆಗಳಲ್ಲಿ ಕೆಲಸ ಮಾಡೋದೂ ಹೆಚ್ಚಾಗಿ ಇಂಥದ್ದೇ. ಚಹಾ ಕಾಫಿ ಒಯ್ಯೋ ಸ್ಟೀಲ್ ಫ್ಲಾಸ್ಕಿನ ಕಂದು ಕಲೆಗೆ ಇದು ತುಂಬಾ ಚೆನ್ನಾಗಿದೆ, ಬ್ರಶ್ ಮುಟ್ಟಿಸದೆ ಬೆಳ್ಳಗಾಗುತ್ತೆ. ಒಣಗಿದ ಎಣ್ಣೆಗೆ ಮಾತ್ರೆ ಸಾಲಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಮುಖ್ಯವಾದ ಮಾತು, ಪುಡಿಯಾಗಲಿ ಮಾತ್ರೆಯಾಗಲಿ ಹಾಕಿದ ಮೇಲೆ ಮುಚ್ಚಳ ಬಿಗಿಯಬೇಡಿ. ಒಳಗೆ ಗಾಳಿ ಹುಟ್ಟುತ್ತಲೇ ಇರುತ್ತೆ, ಮುಚ್ಚಿದ ಬಾಟಲಿ ಸಿಡಿಯಬಹುದು. ಹಲ್ಲಿನ ಮಾತ್ರೆ ಬಳಸುವವರು ಡಬ್ಬಿ ಮೇಲೆ ಪರ್‌ಸಲ್ಫೇಟ್ ಅಂತ ಇದೆಯಾ ಓದಿ. ಅದು ಕೆಲವರಿಗೆ ಅಲರ್ಜಿ ತರುತ್ತೆ. 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಕಾರಣಕ್ಕೆ ಆ ಡಬ್ಬಿಗಳ ಮೇಲಿನ ಸೂಚನೆ ಬದಲಿಸಲು ಕಂಪನಿಗಳಿಗೆ ಹೇಳಿತ್ತು. ಕುಡಿಯೋ ಬಾಟಲಿ ಆದರೆ ನಾಲ್ಕೈದು ನೀರು ಜಾಲಾಡಿಸಿ.

ಬೋರ್‌ವೆಲ್‌ನ ಸವಳು ನೀರಿನ ಬಿಳಿ ಪದರಕ್ಕೆ ಮೇಲಿನ ಯಾವುದೂ ನಡೆಯಲ್ಲ. ಅದು ಸುಣ್ಣದ ಜಾತಿ, ಅದಕ್ಕೆ ಹುಳಿ ಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಒಂದು ಚಮಚ, ಬೆಚ್ಚಗಿನ ನೀರು, ಒಂದು ಗಂಟೆ. ಅಷ್ಟೇ. ಸೋಡಾ ಮತ್ತು ನಿಂಬೆ ಉಪ್ಪು ಒಟ್ಟಿಗೆ ಹಾಕಿದರೆ ಬುರುಗು ಜೋರಾಗಿ ಬರುತ್ತೆ, ಎರಡರ ಕಸುವೂ ಹೋಗುತ್ತೆ. ಒಂದು ಮುಗಿಸಿ ತೊಳೆದು ಇನ್ನೊಂದು ಹಾಕಿ.

ಹಿತ್ತಾಳೆಯ ಬಾಟಲಿ ಜೆಟ್ ಬಗ್ಗೆ ಹಲವರು ಕೇಳುತ್ತಾರೆ. ನಲ್ಲಿಗೆ ತಿರುಗಿಸಿ ಹಾಕೋದು, ಬಾಟಲಿಯನ್ನು ಅದರ ಮೇಲೆ ಕವುಚಿ ಒತ್ತಿದರೆ ನೀರು ಚಿಮ್ಮುತ್ತೆ, ಎತ್ತಿದರೆ ನಿಲ್ಲುತ್ತೆ. ಮನೆಯಲ್ಲೇ ಬಿಯರ್ ಮಾಡೋ ದೇಶಗಳಲ್ಲಿ ಬಹಳ ಬಳಕೆ. ಸಾಮಾನು ಗಟ್ಟಿ, ಕೆಲಸ ಚೆಂದ. ಆದರೆ ನಮ್ಮ ಮನೆಗಳಿಗೆ ಎರಡು ತೊಡಕು. ಅಮೆರಿಕದಿಂದ ಬರೋದಕ್ಕೆ ಅವರ ತೋಟದ ಪೈಪಿನ ಮರೆ (ತಿರುಪಿನ ಥ್ರೆಡ್) ಇರುತ್ತೆ, ನಮ್ಮ ಅರ್ಧ ಇಂಚಿನ ನಲ್ಲಿಗೆ ಕೂರಲ್ಲ. ಹಾರ್ಡ್‌ವೇರ್ ಅಂಗಡಿಯವರು ರೆಡ್ಯೂಸರ್ ಕೊಟ್ಟರೂ ಮರೆಯ ಲೆಕ್ಕ ಬೇರೆ ಆದ್ದರಿಂದ ಸೋರುತ್ತೆ, ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ. ಕೊಳ್ಳೋದಾದರೆ ನಮ್ಮ ನಲ್ಲಿಗಳಲ್ಲಿರೋ ಬಿಎಸ್‌ಪಿ ಮರೆ ಇರೋದನ್ನೇ ಕೊಳ್ಳಿ. ಇನ್ನೊಂದು, ಒತ್ತಡ. 10 ಮೀಟರ್ ಎತ್ತರದ ನೀರು ಕೊಡೋದು ಸುಮಾರು ಒಂದು ಬಾರ್. ಒಂದಂತಸ್ತಿನ ಮನೆಯ ಟ್ಯಾಂಕ್ ನಲ್ಲಿಗಿಂತ ಮೂರು ನಾಲ್ಕು ಮೀಟರ್ ಮೇಲಿರುತ್ತೆ, ಅರ್ಧ ಬಾರ್ ಕೂಡ ಬರಲ್ಲ. ಚಿಲುಮೆ ತಳ ಮುಟ್ಟುತ್ತೆ, ಉಜ್ಜೋ ಬಲ ಇರಲ್ಲ. ಪ್ರೆಶರ್ ಪಂಪ್ ಇರೋರಿಗೆ ನಾನು ಮನಸಾರೆ ಹೇಳುತ್ತೇನೆ, ತಗೊಳ್ಳಿ. ಸೋಡಾ ನೀರು ಜಾಲಾಡಿಸೋ ಹೊತ್ತು, ನೀರು ಎರಡೂ ಉಳಿಯುತ್ತೆ. ಬರೀ ಟ್ಯಾಂಕ್ ನಲ್ಲಿ ಇದ್ದರೆ ಬೇಡ.

ಗೋಲಿ ಸೋಡಾ ಬಾಟಲಿಗೆ ಎಣ್ಣೆ ಹಾಕಿಸಿಕೊಳ್ಳೋ ಆಸೆಯಿಂದ ಬರೋರೂ ಇದ್ದಾರೆ. ನೋಡೋಕೆ ಬಲು ಚೆಂದ. ಇಂಗ್ಲೆಂಡಿನ ಹೈರಂ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು, ಗ್ಯಾಸಿನ ಒತ್ತಡಕ್ಕೆ ಗೋಲಿ ತಾನೇ ಮೇಲೇರಿ ಬಾಯಿ ಮುಚ್ಚುತ್ತೆ. ಆದರೆ ಕುತ್ತಿಗೆ ಚಿವುಟಿದ ಜಾಗದಲ್ಲಿ ಗೋಲಿ ಅಡ್ಡ, ಬಾಯಲ್ಲಿ ರಬ್ಬರಿನ ಉಂಗುರ. ಬ್ರಶ್ ಹೋಗಲ್ಲ, ಗುಂಡು ಹೋದರೆ ಹೊರಗೆ ಬರಲ್ಲ. ರಬ್ಬರ್ ಎಣ್ಣೆಗೆ ಊದಿಕೊಳ್ಳುತ್ತೆ. ಸೋಡಾಕ್ಕೇ ಇರಲಿ ಅದು.

ತೊಳೆದದ್ದು ಒಣಗದಿದ್ದರೆ ಪಟ್ಟ ಕಷ್ಟ ವ್ಯರ್ಥ. ಒಂದು ಹನಿ ನೀರು ಉಳಿದರೂ ಎಣ್ಣೆ ಮಬ್ಬಾಗುತ್ತೆ, ಬೇಗ ಕೆಡುತ್ತೆ. ಬಾಟಲಿ ಕವುಚಿ ನಿಲ್ಲಿಸೋ ಗೂಟದ ಸ್ಟ್ಯಾಂಡ್ ಒಳ್ಳೇದೇ, ಆದರೆ ನೀರು ಸೋರಿದ ಮೇಲೆ ಬಾಟಲಿಯನ್ನು ನೆಟ್ಟಗೆ ಮಾಡಬೇಕು. ತೇವದ ಗಾಳಿ ಒಣ ಗಾಳಿಗಿಂತ ಹಗುರ. ಕವುಚಿದ ಬಾಟಲಿಯಲ್ಲಿ ಅದು ಮೇಲೇರಿ ತಳದಲ್ಲೇ ನಿಲ್ಲುತ್ತೆ, ಹೊರಗೆ ಹೋಗೋ ದಾರಿ ಇಲ್ಲ. ಮಳೆಗಾಲದಲ್ಲಿ ನನ್ನ ಕೈ ಹಿಡಿದದ್ದು ಮೀನಿನ ತೊಟ್ಟಿಗೆ ಗಾಳಿ ಬಿಡೋ ಪುಟ್ಟ ಪಂಪ್. ಅದರ ತೆಳು ಕೊಳವೆಯನ್ನು ಬಾಟಲಿಯ ತಳದವರೆಗೆ ಇಳಿಸಿ ಬಿಟ್ಟರೆ ಸಾಕು. ಸದ್ದಿಲ್ಲ, ಕರೆಂಟ್ ಖರ್ಚು ಇಲ್ಲದಷ್ಟೇ. ಎರಡು ಬಾಯಿಯ ಪಂಪ್ ಆದರೆ ಒಮ್ಮೆಗೆ ಎರಡು ಬಾಟಲಿ. ಬಾಟಲಿ ತೊಳೆಯೋ ಸಾಮಾನು ಅಂತ ಯಾರೂ ಮಾರದ ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಹಾಗಾದರೆ ಏನು ಕೊಳ್ಳಬೇಕು? ಮನೆಯಲ್ಲಿ ಎರಡು ಮೂರು ಎಣ್ಣೆ ಬಾಟಲಿ ಇರೋರಿಗೆ ಲ್ಯಾಬ್ ಬ್ರಶ್ ಒಂದು, ವಾಷಿಂಗ್ ಸೋಡಾ ಒಂದು ಪೊಟ್ಟಣ, ನುಚ್ಚಕ್ಕಿ ಒಂದು ಹಿಡಿ. ಗುಂಡು ಬೇಕಾಗೋದು ನಮ್ಮ ಹಾಗೆ ದಿನಾ ತೊಳೆಯೋರಿಗೆ, ಇಲ್ಲವೇ ತಳ ಉಬ್ಬಿದ ಬಾಟಲಿಗಳ ಮೇಲೆ ಪ್ರೀತಿ ಇರೋರಿಗೆ.

ಕೆಲವು ಬಾಟಲಿಗಳನ್ನು ಮಾತ್ರ ನಾನು ತೊಳೆಯೋಕೇ ತಗೊಳ್ಳಲ್ಲ. ಫಿನೈಲ್, ಸೀಮೆಎಣ್ಣೆ, ಆ್ಯಸಿಡ್, ಹೊಲಕ್ಕೆ ಹೊಡೆಯೋ ಎಣ್ಣೆ (ಕೀಟನಾಶಕ), ಇವು ಇದ್ದ ಬಾಟಲಿ ಗಾಜಿನದಾದರೂ ಬೇಡ, ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಅದನ್ನು ಒಳಗೇ ಹೀರಿಕೊಂಡಿರುತ್ತೆ, ಆಮೇಲೆ ನಿಧಾನವಾಗಿ ಬಿಡುತ್ತೆ. ಲೇಬಲ್ ಕಿತ್ತು ಹೋಗಿ ಹಿಂದೆ ಏನಿತ್ತು ಗೊತ್ತಿಲ್ಲದ ಬಾಟಲಿಗೂ ಇದೇ ನಿಯಮ. ಹಳ್ಳಿಯಿಂದ ಬಂದ ಹಿರಿಯರು "ಎರಡ ಸಲ ಬಿಸಿನೀರಾಗ ತೊಳದೇನಿ ತಂಗೀ, ಏನೂ ಆಗೂದಿಲ್ಲ" ಅಂದರೂ ನಾನು ಒಪ್ಪಲ್ಲ. "ಅಜ್ಜಾರ, ಮನ್ಯಾಗ ಮಕ್ಕಳ ಉಣ್ಣೂ ಎಣ್ಣಿ ಐತ್ರಿ ಇದು" ಅಂತ ಹೇಳಿ ನಮ್ಮ ಕಪಾಟಿನಿಂದ ತೊಳೆದಿಟ್ಟ ಬಾಟಲಿ ಒಂದು ತೆಗೆದು ತುಂಬಿ ಕೊಡುತ್ತೇನೆ. ಅದಕ್ಕೆ ದುಡ್ಡು ಹಿಡಿಯಲ್ಲ, ಮುಂದಿನ ಸಲ ಎಣ್ಣೆಗೆ ಬರುವಾಗ ಅದನ್ನೇ ತಂದರೆ ಆಯಿತು.